ಮೇಷ್ಟ್ರ ಹತ್ತರಿ ಮಾರಿದವಳು

ಜನವರಿ 6

ಪ್ರೀತಿಯ ಚಕ್ಕೆಗೆ,

ನಿನ್ನ ಪತ್ರ ತಲುಪಿತು. ತರಬೇತಿ ಶಾಲೆ ಬಿಟ್ಟು ವರ್ಷಗಳೇ ಆದ ಮೇಲೆ ನನ್ನ ವಿದ್ಯಾರ್ಥಿನಿಯೊಬ್ಬಳು, "ಹಿಂದಿನ ಕೋಣೆಯನ್ನು ಖಾಲಿ ಮಾಡಿ ಮರಗೆಲಸಕ್ಕೆ ಇಟ್ಟುಕೊಂಡಿದ್ದೇನೆ, ಏನೇನು ಉಪಕರಣ ಕೊಳ್ಳಲಿ" ಎಂದು ಕೇಳಿದ್ದಾಳೆ. ಆ ಸಾಲನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. "ಯಾರು, ಕ್ಲಾಸ್ ತುಂಬ ಮರದ ಚಕ್ಕೆ ಹಾರಿದ ಹಾಗೆ ಹಾರ್ತಿದ್ಲಲ್ಲ, ಅವಳಾ?" ಎಂದಳು. ಅವಳೇ ಎಂದೆ. ಆ ಸಂಜೆ ಇಬ್ಬರೂ ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದೆವು.

ಈಗ ಕೆಲಸದ ಮಾತು. ಪೆಟ್ಟಿಗೆಯಲ್ಲಿ ಹೊಳೆಯುವಂತೆ ಜೋಡಿಸಿ ಮಾರುವ ಹೊಸ ಸೆಟ್ಟಿನ ಹತ್ತಿರ ಸುಳಿಯಬೇಡ. ಅದರ ಹನ್ನೆರಡು ಉಳಿಗಳಲ್ಲಿ ಮೂರನ್ನು ಬಳಸುತ್ತೀಯೆ, ಒಂಬತ್ತರ ತುಕ್ಕು ಒರೆಸುತ್ತೀಯೆ. ನಿಮ್ಮೂರಿನ ಹಳೆ ಸಾಮಾನಿನ ಬೀದಿಯಲ್ಲಿ ನನಗೆ ಬೇಕಾದ ವ್ಯಾಪಾರಿಯೊಬ್ಬನಿದ್ದಾನೆ. ಕಬ್ಬಿಣದ್ದೇನಿದ್ದರೂ ತಕ್ಕಡಿಗೆ ಹಾಕಿಯೇ ಬೆಲೆ ಹೇಳುವವನು. ತಕ್ಕಡಿ ತಾತ ಎಂದರೆ ಬೀದಿಯವರೆಲ್ಲ ತೋರಿಸುತ್ತಾರೆ. ಅವನಲ್ಲಿ ಮೂರು ಉಳಿ, ಒಂದು ಗರಗಸ, ಒಂದು ಮೂಲೆಮಟ್ಟ, ಮರವನ್ನು ನಯಗೊಳಿಸುವ ಒಂದು ಉದ್ದನೆಯ ಹತ್ತರಿ ತೆಗೆದುಕೋ. ಗರಗಸವನ್ನು ಬಗ್ಗಿಸಿ ಬಿಟ್ಟು ನೋಡು, ಅದು ತಾನಾಗಿ ನೇರಕ್ಕೆ ಬರದಿದ್ದರೆ ಅಲ್ಲೇ ಇಟ್ಟು ಬಾ. ಉಳಿಯ ಬೆನ್ನಿನಲ್ಲಿ ತುಕ್ಕಿನ ಗುಳಿಗಳಿದ್ದರೆ ಅವನು ಬಿಟ್ಟಿ ಕೊಟ್ಟರೂ ಬೇಡ. ಉಳಿಗೆ ಬಡಿಯುವ ಕೊಡತಿಯನ್ನು ಮಾತ್ರ ಕೊಳ್ಳಬೇಡ. ತನ್ನ ಕೊಡತಿಯನ್ನು ತಾನೇ ಮಾಡಿಕೊಳ್ಳದವನು ಬಡಗಿಯಲ್ಲ.

ಕೆಲಸದ ಮೇಜು ನಿನ್ನ ಸೊಂಟದ ಎತ್ತರಕ್ಕಿರಲಿ. ಹಲಗೆಯನ್ನು ಬಿಗಿಯುವ ವೈಸ್ ಮೇಜಿನ ಎಡತುದಿಗೆ. ಇದರಲ್ಲಿ ಚರ್ಚೆಯಿಲ್ಲ.

ಜೊತೆಗಿರುವ ಕಟ್ಟನ್ನು ಜೋಪಾನವಾಗಿ ಬಿಚ್ಚು. ಹಲಗೆಯ ಅಂಚಿನಲ್ಲಿ ಮೆಟ್ಟಿಲಿನಂಥ ಕಚ್ಚು ತೆಗೆಯುತ್ತದಲ್ಲ, ಆ ಕಚ್ಚು ಹತ್ತರಿ. ನಾನು ಇಪ್ಪತ್ತರ ಹರೆಯದಲ್ಲಿ ಕೊಂಡದ್ದು, ತಲೆಯ ಮೇಲೆ ನನ್ನ ಮುದ್ರೆಯಿದೆ. ಸಂಕೋಚ ಬೇಡ, ನನ್ನಲ್ಲಿ ಇನ್ನೊಂದಿದೆ.

ನಿಮ್ಮಣ್ಣ ಏನೆನ್ನುತ್ತಾನೆ? ಪತ್ರದಲ್ಲಿ ಅಮ್ಮನ ಸುದ್ದಿಯಿದೆ, ಅಣ್ಣನ ಸುದ್ದಿಯಿಲ್ಲ.

ನಿನ್ನ ಮೇಷ್ಟ್ರು


ಜನವರಿ 24

ಪೂಜ್ಯ ಮೇಷ್ಟ್ರಿಗೆ,

ಹತ್ತರಿ ತಲುಪಿತು. ಕಟ್ಟು ಬಿಚ್ಚಿದಾಗ ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಸವರಿ, "ಇದು ಮರವೋ ಬೆಣ್ಣೆಯೋ" ಎಂದರು. ನಿಮ್ಮ ಕೈಯಿಂದ ಹಿಡಿ ಅಷ್ಟು ನಯವಾಗಿ ಸವೆದಿದೆ. ಇಂಥದ್ದನ್ನು ಕೊಟ್ಟ ನಿಮಗೆ ಏನು ಹೇಳಬೇಕೆಂದು ತಿಳಿಯದೆ ಹೇಳದೆಯೇ ಬಿಡುತ್ತಿದ್ದೇನೆ.

ತಕ್ಕಡಿ ತಾತನ ಅಂಗಡಿಗೆ ಹೋಗಿದ್ದೆ. ಗರಗಸ ಬಗ್ಗಿಸಿದ್ದನ್ನು ಕಂಡು, "ಯಾರು ಕಳಿಸಿದ್ದು?" ಎಂದು ಕೇಳಿದರು. ನಿಮ್ಮ ಹೆಸರು ಹೇಳಿದ ಮೇಲೆ ಬೆಲೆ ಇಳಿಸಲಿಲ್ಲ, ಸ್ಟೂಲು ಕೊಟ್ಟರು. "ಆ ಮನುಷ್ಯ ಚೌಕಾಸಿ ಮಾಡಿದ್ರೆ ನನ್ನ ತಕ್ಕಡಿಗೇ ಸುಸ್ತಾಗ್ತಿತ್ತು. ನೀನು ಪರವಾಗಿಲ್ಲ, ಬೇಗ ಸೋಲ್ತೀಯ" ಎಂದರು. ನೀವು ಹೇಳಿದ್ದಷ್ಟನ್ನೇ ತಂದಿದ್ದೇನೆ.

ಅಣ್ಣನ ಸುದ್ದಿ ಕೇಳಿದ್ದೀರಿ. ಆ ಕೋಣೆಯನ್ನು ಅವನು ಬಾಡಿಗೆಗೆ ಕೊಡಬೇಕೆಂದಿದ್ದಾನೆ. ಹಟ ಮಾಡಿ ಗಡುವು ಪಡೆದಿದ್ದೇನೆ. ಅವನ ಮಾತನ್ನೇ ಬರೆಯುತ್ತೇನೆ: "ಜೂನ್ ಕೊನೆವರೆಗೂ ನಿಂದು. ಅಷ್ಟರೊಳಗೆ ಜನ ದುಡ್ಡು ಕೊಟ್ಟು ತಗೊಳ್ಳೋ ಅಂಥದ್ದು ಒಂದು ಮಾಡಿ ಸಾಗಿಸು. ಇಲ್ಲಾಂದ್ರೆ ಕೋಣೆ ಬಾಡಿಗೆಗೆ, ನಿನ್ನ ಕಬ್ಬಿಣ ತಕ್ಕಡಿಗೆ."

ನಾನು ಕೆಲಸ ಮಾಡುವ ಔಷಧಿ ಅಂಗಡಿಯ ಯಜಮಾನರಿಗೆ ಮಾತ್ರೆಗಳನ್ನಿಡಲು ಸಣ್ಣ ಸಣ್ಣ ಡ್ರಾಯರುಗಳ ಒಂದು ಬೀರು ಬೇಕಾಗಿದೆ. ನಾನೇ ಮಾಡಿಕೊಡುತ್ತೇನೆಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಹಾಕಿಕೊಂಡು ಮತ್ತೊಮ್ಮೆ ನೋಡಿ, ಸರಿ ಎಂದರು. ಎಲ್ಲ ಡ್ರಾಯರುಗಳಿಗೂ ಕಚ್ಚು ತೆಗೆಯಬೇಕು. ನಿಮ್ಮ ಹತ್ತರಿ ಸರಿಯಾದ ಹೊತ್ತಿಗೇ ಬಂದಿದೆ.

ವೈಸನ್ನು ನೀವು ಹೇಳಿದಂತೆ ಎಡತುದಿಗೇ ಹಾಕಿದ್ದೇನೆ.

ನಿಮ್ಮ ಚಕ್ಕೆ


ಫೆಬ್ರವರಿ 20

ಪೂಜ್ಯ ಮೇಷ್ಟ್ರಿಗೆ,

ಕಚ್ಚು ಕೂರುತ್ತಿಲ್ಲ. ನೇರ ಮೆಟ್ಟಿಲಾಗಬೇಕಾದದ್ದು ಜಾರುಬಂಡೆಯಾಗುತ್ತಿದೆ. ಹಲಗೆಯ ಒಂದು ತುದಿಯಲ್ಲಿ ಸರಿಯಾಗಿ ಹೊರಟ ಹತ್ತರಿ ಅರ್ಧಕ್ಕೆ ಬರುವಷ್ಟರಲ್ಲಿ ದಾರಿ ಬಿಟ್ಟು ಅಲೆಯುತ್ತದೆ. ಹಾಳಾದ ಹಲಗೆಗಳನ್ನು ಮೂಲೆಯಲ್ಲಿ ಒರಗಿಸಿ ಮೇಲೊಂದು ಬಟ್ಟೆ ಹೊದಿಸಿದ್ದೇನೆ. ಅಣ್ಣ ಬಟ್ಟೆ ಎತ್ತಿ ನೋಡಿ, "ಸೌದೆ ಅಂಗಡಿ ಇಡೋದಾದ್ರೆ ಮೊದಲೇ ಹೇಳ್ಬೇಕಿತ್ತು" ಎಂದು ಹೋದ.

ಒಂದು ತುಂಡನ್ನು ಕಳಿಸಿದ್ದೇನೆ. ನೀವು ನೋಡಿದರೆ ತಿಳಿಯುತ್ತದೆ. ದಯವಿಟ್ಟು ನೋಡಿ.

ಚಕ್ಕೆ


ಮಾರ್ಚ್ 1

ಪ್ರೀತಿಯ ಚಕ್ಕೆಗೆ,

ತುಂಡು ನೋಡಿದೆ. ಕಾರಣ ಕಂಡಿತು. ಧೈರ್ಯವಾಗಿರು.

ಕಚ್ಚಿನ ತಳದಲ್ಲಿ ನಾರು ಎದ್ದಿದೆ. ಅಲಗು ಮೊಂಡಾಗಿದೆ ಎಂದರ್ಥ. ಮೊಂಡು ಅಲಗು ಕತ್ತರಿಸುವುದಿಲ್ಲ, ಜಗಳವಾಡುತ್ತದೆ. ಜಗಳವಾಡುವಾಗ ಯಾರು ತಾನೇ ದಾರಿ ಬಿಡುವುದಿಲ್ಲ? ಸಾಣೆಕಲ್ಲಿನ ಮೇಲೆ ಅವಸರ ಮಾಡಬೇಡ. ಮುಂಗೈಯ ಕೂದಲು ತಾನಾಗಿ ಉದುರುವಷ್ಟು ಹರಿತವಾಗುವವರೆಗೆ ಹಲಗೆ ಮುಟ್ಟಬೇಡ.

ಇನ್ನೊಂದು. ಹತ್ತರಿಯ ಪಕ್ಕದಲ್ಲಿ ಪಟ್ಟಿಯೊಂದಿದೆಯಲ್ಲ, ಅದು ಹಲಗೆಯ ಅಂಚಿಗೆ ಒರಗಿ ನಡೆಯಬೇಕು. ಬಲಗೈ ತಳ್ಳುತ್ತದೆ, ಎಡಗೈ ಪಟ್ಟಿಯನ್ನು ಅಂಚಿಗೆ ಒತ್ತುತ್ತದೆ. ಎಡಗೈಯಿಂದ ಇನ್ನೂ ಗಟ್ಟಿಯಾಗಿ ಒತ್ತು. ತರಬೇತಿ ಶಾಲೆಯ ನಿನ್ನ ವರದಿಯಲ್ಲಿ ಆಗಲೇ ಬರೆದಿದ್ದೆ, ನೆನಪಿರಬಹುದು: "ಶ್ರಮವಿದೆ, ಹಿಡಿತವಿಲ್ಲ." ಹಿಡಿತ ಹುಟ್ಟಿನಿಂದ ಬರುವುದಲ್ಲ ಮಗಳೇ. ಪಳಗಿಸಿದರೆ ಪಳಗದ ಕೈಯನ್ನು ನಾನು ಮೂವತ್ತು ವರ್ಷದಲ್ಲಿ ಕಂಡಿಲ್ಲ.

ನಿಮ್ಮಣ್ಣನ ಮಾತಿಗೆ ಉತ್ತರ ಕೊಡಬೇಡ. ಬೀರು ಉತ್ತರ ಕೊಡಲಿ.

ನಿನ್ನ ಮೇಷ್ಟ್ರು


ಮಾರ್ಚ್ 17

ಪೂಜ್ಯ ಮೇಷ್ಟ್ರಿಗೆ,

ಅಲಗು ಮಸೆದೆ. ಎಡಗೈಯಿಂದ ಗಟ್ಟಿಯಾಗಿ ಒತ್ತಿದೆ. ನೀವು ಹೇಳಿದ್ದನ್ನೆಲ್ಲ ಮಾಡುತ್ತಿದ್ದೇನೆ.

ಅಮ್ಮ ಚೆನ್ನಾಗಿದ್ದಾರೆ.

ಚಕ್ಕೆ


ಏಪ್ರಿಲ್ 12

ಮಾನ್ಯರೇ,

ತಾವು ಕುಶಲವೆಂದು ನಂಬಿದ್ದೇನೆ.

ಹಳೆ ಸಾಮಾನಿನ ಬೀದಿಯ ವ್ಯಾಪಾರಿಯಿಂದ ನನಗೊಂದು ಕಾರ್ಡು ಬಂದಿದೆ. "ನಿಮ್ಮ ಮುದ್ರೆಯಿರುವ ಕಚ್ಚು ಹತ್ತರಿ ನನ್ನ ಅಂಗಡಿಗೆ ಬಂದಿದೆ. ನಿಮ್ಮ ಹುಡುಗಿಯೇ ತಂದು ಮಾರಿದಳು. ಬೇರೆಯವರಿಗೆ ಕೊಡುವ ಮೊದಲು ಕೇಳೋಣವೆಂದು ಬರೆದೆ" ಎಂದಿದ್ದಾನೆ.

ಕೊಟ್ಟ ವಸ್ತುವಿನ ಮೇಲೆ ಕೊಟ್ಟವನಿಗೆ ಹಕ್ಕಿಲ್ಲ. ಆದ್ದರಿಂದ ನಾನು ಪ್ರಶ್ನೆ ಕೇಳುತ್ತಿಲ್ಲ. ತಮಗೆ ಹಣದ ಅಡಚಣೆಯಿದ್ದಿದ್ದರೆ ಒಂದು ಸಾಲು ಬರೆಯಬಹುದಿತ್ತು, ಕೆಲಸವನ್ನೇ ಬಿಡುವ ಮನಸ್ಸಾಗಿದ್ದರೆ ಅದನ್ನೂ ಬರೆಯಬಹುದಿತ್ತು. ಎರಡೂ ಅವಮಾನದ ಸಂಗತಿಗಳಲ್ಲ. "ನೀವು ಹೇಳಿದ್ದನ್ನೆಲ್ಲ ಮಾಡುತ್ತಿದ್ದೇನೆ" ಎಂದು ಬರೆದು, ತಿಂಗಳು ಕಳೆಯುವ ಮೊದಲೇ ಆ ಬೀದಿಗೆ ಹೋದದ್ದು ಮಾತ್ರ ನನಗೆ ಅರ್ಥವಾಗಲಿಲ್ಲ.

ಉಳಿದ ಉಪಕರಣಗಳನ್ನು ಮಾರುವುದಿದ್ದರೆ ಅವುಗಳನ್ನು ಮಸೆದು ಮಾರಿರಿ. ಹರಿತವಾದದ್ದಕ್ಕೆ ಬೆಲೆ ಹೆಚ್ಚು.

ಇಂತು,
ತಮ್ಮ ಹಳೆಯ ಉಪಾಧ್ಯಾಯ


ಏಪ್ರಿಲ್ 16

ಮೇಷ್ಟ್ರಿಗೆ,

"ತಾವು" ಎಂದು ಬರೆದಿದ್ದೀರಿ. ಬೈದಿದ್ದರೆ ಚೆನ್ನಾಗಿತ್ತು.

ಹೌದು, ಮಾರಿದೆ. ಆ ಬೀದಿಯಲ್ಲಿ ಹಳೆ ಕಬ್ಬಿಣ ಕೊಳ್ಳುವವರು ಬೇಕಾದಷ್ಟು ಮಂದಿ ಇದ್ದಾರೆ. ತಕ್ಕಡಿ ತಾತನಿಗೇ ಮಾರಿದ್ದೇಕೆಂದರೆ ಅವರು ನಿಮಗೆ ತಿಳಿಸುತ್ತಾರೆಂದು ನನಗೆ ಗೊತ್ತಿತ್ತು. ಪತ್ರದಲ್ಲಿ ಬರೆಯಲಾಗದ್ದನ್ನು ಅವರ ಕೈಯಲ್ಲಿ ಹೇಳಿ ಕಳಿಸಿದೆ. ಹಣದ ಅಡಚಣೆಯಿಲ್ಲ. ಕೆಲಸ ಬಿಟ್ಟಿಲ್ಲ. ಅಲಗು ಮೊಂಡಾಗಿರಲಿಲ್ಲ.

ನಾನು ಎಡಚಿ, ಮೇಷ್ಟ್ರೇ.

ತರಗತಿಯ ಮೊದಲ ದಿನ ನೀವು, "ಎಲ್ಲರೂ ಬಲಗೈ ಎತ್ತಿ. ಇದು ನಿಮ್ಮ ಮೊದಲನೆಯ ಉಪಕರಣ" ಎಂದಿರಿ. ಎಲ್ಲರ ಜೊತೆ ನಾನೂ ಎತ್ತಿದೆ. ಎರಡು ವರ್ಷ ಆ ಕೈಯಲ್ಲೇ ಗರಗಸ ಎಳೆದೆ, ಆ ಕೈಯಲ್ಲೇ ಕೊಡತಿ ಹೊಡೆದೆ. ಬರವಣಿಗೆಯನ್ನು ಸಣ್ಣವಳಿದ್ದಾಗಲೇ ಬಲಗೈಗೆ ಬಿಟ್ಟುಕೊಟ್ಟಿದ್ದೆ, ಹಾಗಾಗಿ ನಿಮಗೆ ಅನುಮಾನ ಬರಲಿಲ್ಲ. "ಶ್ರಮವಿದೆ, ಹಿಡಿತವಿಲ್ಲ" ಎಂದು ನೀವು ಬರೆದದ್ದು ನನ್ನ ಹಿಡಿತದ ಬಗ್ಗೆಯಲ್ಲ. ಅದು ನಾನು ಎರವಲು ತಂದ ಕೈ.

ಸ್ವಂತ ಕೋಣೆಯಾದ ಮೇಲೆ, ಬಾಗಿಲು ಹಾಕಿಕೊಂಡು, ಮೊದಲ ಬಾರಿ ಉಳಿಯನ್ನು ಎಡಗೈಗೆ ತೆಗೆದುಕೊಂಡೆ. ಮರ ನನ್ನ ಮಾತು ಕೇಳಿತು. ಆದರೆ ಮೇಜು ನಿಮ್ಮ ಮಾತು ಕೇಳುತ್ತಿತ್ತು. ನೀವು ವೈಸನ್ನು ಎಡತುದಿಗೆ ಹಾಕಿಸಿದಿರಿ, ನಾನು ಬಲಕ್ಕೆ ತಳ್ಳುವವಳು. ಹಲಗೆ ಪ್ರತಿ ಸಲವೂ ವೈಸಿನಿಂದ ಜಾರಿ ಓಡುತ್ತಿತ್ತು. ನಿಮ್ಮ ಹತ್ತರಿಯ ಪಟ್ಟಿ ಇರುವುದು ಅದರ ಎಡಪಕ್ಕದಲ್ಲಿ. ಬಲಗೈಯವರು ನಿಂತರೆ ಅದು ಹೊಟ್ಟೆಯ ಕಡೆಯ ಅಂಚಿಗೆ ಒರಗುತ್ತದೆ, ಕಣ್ಣಿಗೆ ಕಾಣುತ್ತದೆ. ನಾನು ನಿಂತರೆ ಅದು ಆಚೆಯ ಅಂಚಿಗೆ ಹೋಗುತ್ತದೆ. ಹಲಗೆಯ ಮೇಲೆ ಕವುಚಿ ಬಿದ್ದು, ಕಾಣದ ಅಂಚನ್ನು ತಡಕಿಕೊಂಡು ತಳ್ಳಬೇಕು. ಆಗ ನಿಮ್ಮ ಪತ್ರ ಬರುತ್ತದೆ: ಎಡಗೈಯಿಂದ ಗಟ್ಟಿಯಾಗಿ ಒತ್ತು. ಒತ್ತುತ್ತಿದ್ದದ್ದು, ತಳ್ಳುತ್ತಿದ್ದದ್ದು ಎಲ್ಲ ಅದೇ ಕೈ.

ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಹೇಳಿದ್ದರೆ ಕೈ ಬದಲಾಯಿಸು ಎನ್ನುತ್ತಿದ್ದಿರಿ. ನೀವು ಹೇಳಿದರೆ ನಾನು ಬದಲಾಯಿಸುತ್ತಿದ್ದೆ. ಅದಕ್ಕೇ ಹೇಳಲಿಲ್ಲ.

ಇನ್ನು ಬದಲಾಯಿಸುವುದಿಲ್ಲ. ವೈಸನ್ನು ಬಿಚ್ಚಿ ಬಲತುದಿಗೆ ಹಾಕಿದ್ದೇನೆ. ನಿಮ್ಮ ಹತ್ತರಿಯನ್ನು ಮಾರುವ ಮೊದಲು ಅದರ ಮುಂದೆ ಕನ್ನಡಿಯಿಟ್ಟು, ಕನ್ನಡಿಯಲ್ಲಿ ಕಂಡದ್ದನ್ನು ಚಿತ್ರ ಬರೆದುಕೊಂಡೆ. ಹಾಗೆಯೇ ಎಡಗೈಗೆ ಹೊಂದುವ ಹತ್ತರಿಯನ್ನು ನಾನೇ ಮಾಡಿಕೊಳ್ಳಲು, ಕೆಡವಿದ ಮನೆಯೊಂದರ ಬಾಗಿಲ ಚೌಕಟ್ಟಿನ ಗಟ್ಟಿ ಮರ ಸಿಕ್ಕಿದೆ. ಅದರಲ್ಲಿ ಓರೆಯಾಗಿ ಕೂರುವ ಅಲಗನ್ನು ಮುರಿದ ಅರದಿಂದ ಮಾಡಿಕೊಡಲು ಕಮ್ಮಾರ ಒಪ್ಪಿದ್ದಾನೆ. "ಓರೆ ಉಲ್ಟಾ ಆಯ್ತಲ್ಲಮ್ಮ" ಎಂದು ಮೂರು ಸಲ ತಿದ್ದಲು ನೋಡಿದ. ಉಲ್ಟಾನೇ ಬೇಕು ಎಂದೆ. ಜೂನ್ ಕೊನೆಗೆ ಬೀರು ಆಗದಿರಬಹುದು. ಆದರೆ ಇನ್ನು ಮೇಲೆ ಹಾಳಾಗುವ ಹಲಗೆ ನನ್ನ ಕೈಯಿಂದಲೇ ಹಾಳಾಗಲಿ.

ಹತ್ತರಿ ಬಹಳ ಚೆಂದವಿತ್ತು. ಅದು ನನಗಲ್ಲ.

ಚಕ್ಕೆ


ಜೂನ್ 8

ಪ್ರೀತಿಯ ಚಕ್ಕೆಗೆ,

ಇಷ್ಟು ದಿನ ಬರೆಯಲಿಲ್ಲವೆಂಬುದನ್ನು ನೀನು ಕೋಪವೆಂದು ತಿಳಿದಿದ್ದರೆ ಮೊದಲ ವಾರದ ಮಟ್ಟಿಗೆ ಅದು ಸರಿ. ಉತ್ತರ ಬರೆದು ಹರಿದೆ, ಮತ್ತೆ ಬರೆದೆ. ಬಾಗಿಲನ್ನು ಯಾವ ಕೈ ಮಾಡಿತೆಂದು ಒಳಗೆ ಬರುವವರು ಕೇಳುವುದಿಲ್ಲ, ಕಲೆಗೆ ಶಿಸ್ತು ಬೇಕು, ಹೀಗೆಲ್ಲ. ನನ್ನ ಹೆಂಡತಿ ಒಂದು ಕರಡನ್ನು ಓದಿ, "ಅವಳು ಕೈ ವಿಷ್ಯ ಬರೆದಿದಾಳೆ, ನೀವು ಬಾಗಿಲ ವಿಷ್ಯ ಬರೀತಿದೀರ" ಎಂದು ಮಡಿಸಿಟ್ಟಳು.

ನೀನು ಕಳಿಸಿದ ತುಂಡು ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಿಡಲು ಬಳಕೆಯಾಗುತ್ತಿತ್ತು. ಅಂದು ಅದನ್ನೆತ್ತಿ ಮತ್ತೆ ನೋಡಿದೆ. ಹತ್ತರಿ ಹಾಕಿದ ಹಲಗೆಯಲ್ಲಿ ನಾರು ಮಲಗಿದ ಕಡೆಯಿಂದ ಅದನ್ನು ಯಾವ ಕಡೆಗೆ ತಳ್ಳಿದ್ದೆಂದು ತಿಳಿಯುತ್ತದೆ. ಬಲಗೈಯವನು ತಪ್ಪು ಮಾಡಿದರೆ ಕಚ್ಚು ತನ್ನ ಕಡೆಯ ಅಂಚಿನಲ್ಲಿ ಜಾರುತ್ತದೆ. ಇದು ಆಚೆಯ ಅಂಚಿನಲ್ಲಿ ಜಾರಿತ್ತು. ತರಬೇತಿ ಶಾಲೆಯ ಮೊದಲ ವರ್ಷದ ಹುಡುಗನೂ ಹೇಳಬಹುದಾಗಿದ್ದ ವಿಷಯ. ಮರ ಎಲ್ಲವನ್ನೂ ಹೇಳಿತ್ತು. ನಾನು ಮರಕ್ಕಿಂತ ಮೊದಲು ಮಾತನಾಡಿದೆ.

ಆಮೇಲೆ ತಕ್ಕಡಿ ತಾತನಿಗೆ ಬರೆದು ಹತ್ತರಿಯನ್ನು ತರಿಸಿಕೊಂಡೆ. ಇನ್ನೊಂದಿದೆ ಎಂದದ್ದು ಸುಳ್ಳು. ಹಾಗೆನ್ನದಿದ್ದರೆ ನೀನು ತೆಗೆದುಕೊಳ್ಳುತ್ತಿರಲಿಲ್ಲ. ಇದರ ಬಗ್ಗೆ ನೀನು ಒಂದಕ್ಷರವೂ ಬರೆಯಬೇಕಾಗಿಲ್ಲ. ಅದು ತನಗೆ ಹೊಂದುವ ಕೈಗೆ ಮರಳಿದೆ, ಅಷ್ಟೆ.

ನಾನು ವಾರಕ್ಕೆರಡು ದಿನ ಈಗಲೂ ಶಾಲೆಗೆ ಹೋಗುತ್ತೇನೆ. ಹತ್ತರಿಯನ್ನು ಅಲ್ಲಿಗೆ ಒಯ್ದು, ಎಲ್ಲರೂ ಹೋದ ಮೇಲೆ, ಎಡಗೈಯಲ್ಲಿ ಹಿಡಿದು ನಿಂತೆ. ಹಲಗೆಯ ಮೇಲೆ ಕವುಚಿಕೊಂಡೆ. ನೀನು ಬರೆದದ್ದೆಲ್ಲ ಹಾಗೆಯೇ ಆಯಿತು, ಅದೇ ಜಾರುಬಂಡೆ. ಜವಾನ ಬಾಗಿಲಲ್ಲಿ ನಿಂತು, "ಏನ್ ಸಾರ್, ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದ. ಮೇಜಿನ ಆಚೆ ಏನೋ ಬಿದ್ದಿದೆ, ಹುಡುಕುತ್ತಿದ್ದೇನೆಂದು ಅವನು ತಿಳಿದಿದ್ದ.

ಮಾರನೆಯ ದಿನ ಸ್ಪ್ಯಾನರ್ ಒಯ್ದು ಕೊನೆಯ ಬೆಂಚಿನ ವೈಸನ್ನು ಬಿಚ್ಚಿ ಬಲತುದಿಗೆ ಕೂರಿಸಿದೆ. ಮೇಲ್ವಿಚಾರಕರು ಬಂದು, ಇದರಿಂದ ಬೆಂಚುಗಳ ಸಾಲು ಕೆಡುತ್ತದೆ, ತಪಾಸಣೆಗೆ ಬಂದವರು ಏನೆನ್ನುತ್ತಾರೆ ಎಂದರು. ನಾನು ಹೇಳಿದೆ: "ಸಾಲು ನೋಡೋಕೆ ಬಂದವರಿಗೆ ಸಾಲು ತೋರಿಸಿ. ಇದು ಕೆಲಸ ಮಾಡೋರಿಗೆ." ಅವರು ಜವಾನನಿಗೆ ಬಿಚ್ಚಲು ಹೇಳಿದರು. ಸ್ಪ್ಯಾನರ್ ನನ್ನ ಜೇಬಿನಲ್ಲಿತ್ತು. ಈಗಲೂ ಅಲ್ಲೇ ಇದೆ.

ಆ ಬೆಂಚಿಗೆ ನೀನು ಮಾಡುತ್ತಿರುವಂಥದೇ ಒಂದು ಕಚ್ಚು ಹತ್ತರಿ ಬೇಕು. ಮಾಡಿ ಕಳಿಸು. ಮಾಮೂಲಿ ಬೆಲೆ ಹಾಕು, ಮೇಷ್ಟ್ರೆಂಬ ರಿಯಾಯಿತಿ ಕೊಟ್ಟರೆ ಹಿಂದಕ್ಕೆ ಕಳಿಸುತ್ತೇನೆ.

ಜೂನ್ ಕೊನೆ ಹತ್ತಿರ ಬಂತು. ನಿಮ್ಮಣ್ಣನಿಗೆ ನಾನೊಂದು ಪತ್ರ ಬರೆಯಲೇ?

ಒಂದು ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ಕಚ್ಚಿನ ತಳದಲ್ಲಿ ನಾರು ಎದ್ದಿತ್ತು. ಅಲಗು ಮೊಂಡಾಗಿತ್ತು.

ನಿನ್ನ ಮೇಷ್ಟ್ರು


ಜುಲೈ 2

ಪ್ರೀತಿಯ ಮೇಷ್ಟ್ರಿಗೆ,

ಅಲಗು ಮೊಂಡಾಗಿರಲಿಲ್ಲ. ಅದು ಗಂಟುಮರ.

ಅಣ್ಣನಿಗೆ ಪತ್ರ ಬರೆಯಬೇಡಿ. ಬರೆಯುವ ಅಗತ್ಯ ಈಗಿಲ್ಲ. ನಡೆದದ್ದನ್ನು ಹೇಳುತ್ತೇನೆ.

ಜೂನ್ ಕೊನೆಯ ದಿನ ಬೀರು ಮುಗಿದಿರಲಿಲ್ಲ. ನನ್ನ ಹತ್ತರಿ ಮೇ ತಿಂಗಳಲ್ಲಿ ಸಿದ್ಧವಾಯಿತು. ಮೊದಲ ದಿನ ಅದು ಬಾಯಲ್ಲಿ ಹೊಟ್ಟು ಕಚ್ಚಿಕೊಂಡು ಉಸಿರು ಕಟ್ಟಿತು. ಅಲಗಿನ ಮುಂದಿನ ಆ ಬಾಯನ್ನು ಅಗಲಿಸಿದ ಮೇಲೆ, ರಿಬ್ಬನ್ ಬಿಚ್ಚಿದ ಹಾಗೆ ಸುರುಳಿ ಬಂತು. ಅಲ್ಲಿಂದ ಮುಂದೆ ಒಂದು ಕಚ್ಚೂ ಜಾರಲಿಲ್ಲ. ಆದರೆ ಕಳೆದುಹೋದ ತಿಂಗಳುಗಳು ಮರಳಿ ಬರಲಿಲ್ಲ. ಬೀರಿನ ಒಡಲು ನಿಂತಿತ್ತು, ಕೆಳಸಾಲಿನ ಡ್ರಾಯರುಗಳು ಆಗಬೇಕಿತ್ತು. ಷರತ್ತಿನ ಪ್ರಕಾರ ನಾನು ಸೋತೆ.

ಅಣ್ಣ ಸಂಜೆ ಬಾಡಿಗೆಗೆ ಬರುವವರನ್ನೇ ಕರೆದುಕೊಂಡು ಬಂದ. ಗಂಡ ಹೆಂಡತಿ ಇಬ್ಬರೂ ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದರು. ನಾನು ಹತ್ತರಿ ತಳ್ಳುತ್ತಿದ್ದೆ, ನಿಲ್ಲಿಸಲಿಲ್ಲ. ಇದನ್ನೆಲ್ಲ ನಾಳೆ ಖಾಲಿ ಮಾಡಿಸುತ್ತೇನೆಂದು ಅಣ್ಣ ಅವರಿಗೆ ಹೇಳಿದ. ಬೀರು ಮುಗಿಯಲು ಇನ್ನೊಂದು ವಾರ ಬೇಕು ಎಂದೆ. ಅವನಿಗೆ ಪರರ ಮುಂದೆ ಮಾತು ಬಿದ್ದಂತಾಯಿತು.

"ಬಲಗೈಯೋರೇ ಕೆಲಸ ಇಲ್ದೆ ಕೂತಿದಾರೆ. ನಿನ್ನ ಎಡಗೈಗೆ ಯಾರು ಕಾಯ್ತಿದಾರೆ?" ಎಂದ.

ನಾನು ಬಾಯಿ ತೆರೆಯುವ ಮೊದಲು ಅಮ್ಮ ಬಂದರು. ಅಮ್ಮ ಇಷ್ಟು ದಿನ ಈ ವಿಷಯದಲ್ಲಿ ನನ್ನ ಕಡೆಯೂ ಇರಲಿಲ್ಲ, ಅವನ ಕಡೆಯೂ ಇರಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನನ್ನು ನೋಡದೆ, ಅವನಿಗೆ ಹೇಳಿದರು: "ಇವಳು ಅಂಬೆಗಾಲಿಡೋವಾಗಿಂದ ಆ ಕೈಗೆ ನಾನು ಬಟ್ಟೆ ಸುತ್ತಿ ಕಟ್ತಿದ್ದೆ. ಹಲ್ಲಲ್ಲಿ ಬಿಚ್ಚಿ ಎಸೀತಿದ್ಲು. ಕಟ್ಟಿ ಕಟ್ಟಿ ನನಗೇ ಸಾಕಾಯ್ತು. ನಾನು ಸೋತಿರೋ ಕಡೆ ನೀನೇನು ಗೆಲ್ತೀಯಪ್ಪ?"

ಅಣ್ಣ ಕೋಣೆಯ ಮಾತಿಗೆ ಬಂದ. ಅವನಿಗೆ ಕೋಣೆಯಿಂದ ಬಾಡಿಗೆ ಬರಬೇಕು, ಅದು ಅವನ ಲೆಕ್ಕ, ಅದರಲ್ಲಿ ತಪ್ಪಿಲ್ಲ. ಹಾಗಾದರೆ ನನಗೇ ಬಾಡಿಗೆಗೆ ಕೊಡು, ಔಷಧಿ ಅಂಗಡಿಯ ಸಂಬಳದಲ್ಲಿ ತಿಂಗಳು ತಿಂಗಳು ಕೊಡುತ್ತೇನೆ, ಚೀಟಿ ನನ್ನ ಹೆಸರಿಗೆ ಬರೆ ಎಂದೆ.

"ತಂಗಿ ಹತ್ರ ಬಾಡಿಗೆ ತಗೊಂಡ ಅಂತ ಜನ ಮುಖಕ್ಕೆ ಉಗೀತಾರೆ."

"ಹಾಗಾದ್ರೆ ಬಿಟ್ಟಿ ಕೊಡು."

ಬಾಡಿಗೆಗೆ ಬಂದಿದ್ದ ಗಂಡಸು ನಕ್ಕುಬಿಟ್ಟ. ಅವನ ಹೆಂಡತಿ ಅವನ ತೋಳು ಚಿವುಟಿದಳು. ಅಣ್ಣ ಇಬ್ಬರನ್ನೂ ನೋಡಿದ, ಅಮ್ಮನನ್ನು ನೋಡಿದ, ಬೀರಿನ ಹತ್ತಿರ ಹೋಗಿ ಒಂದು ಡ್ರಾಯರನ್ನು ಎಳೆದು ಒಳಗೆ ದೂಡಿದ. ಅದು ಸದ್ದಿಲ್ಲದೆ ಹೋಗಿ ಕೂತಿತು. ಇನ್ನೊಮ್ಮೆ ಎಳೆದು ದೂಡಿದ. ಅವನ ಮನಸ್ಸಿನಲ್ಲೇನಿತ್ತೋ ನನಗೆ ಗೊತ್ತಿಲ್ಲ. "ಮೊದಲನೇ ತಾರೀಖು ತಪ್ಪಬಾರದು" ಎಂದು ಹೊರಟುಹೋದ. ನಿನ್ನೆ ಮೊದಲನೇ ತಾರೀಖು. ಬೆಳಗ್ಗೆಯೇ ಕೊಟ್ಟೆ. ಉಗಿಯುವ ಜನ ಇನ್ನೂ ಬಂದಿಲ್ಲ.

ಮೇಷ್ಟ್ರೇ, ಇನ್ನು ನಿಮ್ಮ ಹತ್ತರಿಯ ವಿಷಯ. ನೀವು ಕೇಳಿದಂತೆ ಮಾಡಿ ಕಳಿಸಲಾರೆ. ಸುಮ್ಮನೆ ಒಂದು ಹತ್ತರಿ ಮಾಡಿ ಎಡಗೈಯವರಿಗೆಂದು ಕಳಿಸಿದರೆ, ನೀವು ನನಗೆ ಕಳಿಸಿದ್ದಕ್ಕೂ ಅದಕ್ಕೂ ವ್ಯತ್ಯಾಸವೇನು? ಆ ಬೆಂಚಿನ ಮುಂದೆ ಯಾರಾದರೂ ನಿಂತಿದ್ದಾರೆಯೇ? ನಿಂತಿದ್ದರೆ ಅವರ ಅಂಗೈಯನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಕಳಿಸಿ. ಯಾರೂ ನಿಂತಿಲ್ಲವಾದರೆ, ಯಾರಾದರೂ ನಿಲ್ಲುವವರೆಗೆ ಸ್ಪ್ಯಾನರನ್ನು ಜೇಬಿನಲ್ಲೇ ಇಟ್ಟುಕೊಂಡಿರಿ. ನಾನು ಕಾಯುತ್ತೇನೆ, ಕೋಣೆ ನನ್ನದಿದೆ.

ಬೆಲೆ ಮಾಮೂಲಿ.

ನಿಮ್ಮ ಚಕ್ಕೆ


ಜುಲೈ 11

ಪ್ರೀತಿಯ ಚಕ್ಕೆಗೆ,

ನಿನ್ನ ಪತ್ರವನ್ನು ನನ್ನ ಹೆಂಡತಿ ನನ್ನ ಕೈಯಿಂದ ಕಸಿದುಕೊಂಡು ಮೊದಲು ಓದಿದಳು. "ಬಿಟ್ಟಿ ಕೊಡು" ಎಂಬಲ್ಲಿ ಕುರ್ಚಿ ಹಿಡಿದುಕೊಂಡು ನಕ್ಕಳು. ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಗಂಟುಮರವೆಂಬ ನಿನ್ನ ವಾದವನ್ನು ದಾಖಲಿಸಿಕೊಂಡಿದ್ದೇನೆ, ಒಪ್ಪಿಲ್ಲ.

ವೈಸನ್ನು ಹಳೆಯ ಜಾಗಕ್ಕೇ ಹಾಕಬೇಕೆಂದು ಮೇಲ್ವಿಚಾರಕರು ಈ ವಾರ ನನಗೆ ಲಿಖಿತ ಆದೇಶ ಕೊಟ್ಟರು. ತಲುಪಿದೆ ಎಂಬುದಕ್ಕೆ ಸಹಿ ಹಾಕಬೇಕಿತ್ತು. ಹಾಕಿದೆ, ಎಡಗೈಯಲ್ಲಿ. ಓದಲು ಬರುವುದಿಲ್ಲ, ಕಪ್ಪೆ ಶಾಯಿಯಲ್ಲಿ ಬಿದ್ದು ಎದ್ದುಹೋದ ಹಾಗಿದೆ. ಇದು ನಿಮ್ಮ ಸಹಿಯಲ್ಲ ಎಂದರು. ನನ್ನದೇ, ಇನ್ನೂ ಪಳಗಿಲ್ಲ ಎಂದೆ. ವೈಸ್ ಬಲತುದಿಯಲ್ಲೇ ಇದೆ. ನನ್ನನ್ನು ಬರಬೇಡವೆಂದರೆ ಅದನ್ನೂ ಲಿಖಿತವಾಗಿ ಕೊಡಲಿ, ಅದಕ್ಕೂ ಸಹಿ ಹಾಕುತ್ತೇನೆ.

ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಆ ಬೆಂಚಿನ ಮುಂದೆ ಯಾರೂ ನಿಂತಿರಲಿಲ್ಲ. ಯಾರದು ಎಡಗೈ ಎಂದು ತರಗತಿಯಲ್ಲಿ ಕೇಳಿದೆ. ಯಾರೂ ಕೈ ಎತ್ತಲಿಲ್ಲ. ನೀನಿದ್ದಿದ್ದರೆ ನೀನೂ ಎತ್ತುತ್ತಿರಲಿಲ್ಲ ಎಂಬುದು ಆಗ ಹೊಳೆಯಿತು. ಕೇಳುವುದನ್ನು ಬಿಟ್ಟು ಅವರ ಮರ ನೋಡುತ್ತಾ ಸಾಲಿನುದ್ದಕ್ಕೂ ನಡೆದೆ. ಮೂರನೆಯ ಬೆಂಚಿನಲ್ಲಿ ಒಬ್ಬನಿದ್ದಾನೆ. ಲಾರಿ ಓಡಿಸುವುದನ್ನು ಬಿಟ್ಟು ಕೆಲಸ ಕಲಿಯಲು ಬಂದವನು, ಆಳು ಬಾಗಿಲಿನಷ್ಟೇ ಎತ್ತರ, ಉಳಿದವರು ಅವನನ್ನು ಆನೆ ಎನ್ನುತ್ತಾರೆ. ಅವನ ಗರಗಸದ ಗೆರೆ ಅಲೆದಾಡುವುದನ್ನು ಕಂಡು ನಾನು ಹೋದ ತಿಂಗಳು ತಾನೇ ಅವನಿಗೆ ಹಿಡಿತವಿಲ್ಲವೆಂದು ಹೇಳಿದ್ದೆ. ಅವನನ್ನು ಕೊನೆಯ ಬೆಂಚಿಗೆ ಕರೆದು, ಹಾಳೆ ಇಟ್ಟು, ಕೈ ಇಡು ಎಂದೆ. ಬಲಗೈ ಇಟ್ಟ.

"ಆ ಕೈ ಅಲ್ಲಪ್ಪ" ಎಂದೆ.

ಅವನು ನನ್ನ ಮುಖ ನೋಡಿದ. ಇದರಲ್ಲೇನಾದರೂ ಮೋಸವಿದೆಯೇ ಎಂದು ಹುಡುಕಿದ. ಆಮೇಲೆ ಬೆನ್ನ ಹಿಂದಿದ್ದ ಕೈಯನ್ನು ಮುಂದಕ್ಕೆ ತಂದು ಹಾಳೆಯ ಮೇಲಿಟ್ಟ. ಹಾಳೆ ಸಾಲಲಿಲ್ಲ. ಇನ್ನೊಂದನ್ನು ಅಂಟಿಸಿದ್ದೇನೆ, ನೋಡು.

ನಾನು ಪೆನ್ಸಿಲ್ ಸುತ್ತುತ್ತಿದ್ದಾಗ ಆ ದೊಡ್ಡ ಕೈ ನಡುಗುತ್ತಿತ್ತು, ಹಾಗಾಗಿ ಕಿರುಬೆರಳಿನ ಹತ್ತಿರ ಗೆರೆ ಕದಲಿದೆ. ಕದಲಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ಹತ್ತರಿ ಬರುವ ಹೊತ್ತಿಗೆ ಆ ನಡುಕ ನಿಂತಿರುತ್ತದೆ.

ನಿನ್ನ ಮೇಷ್ಟ್ರು